ಅಣ್ಣ ಕಲಿತ ಹಕಾರ

ನಮ್ಮ ಸ್ಕಾರ್‌ವಿಕ್‌ನಲ್ಲಿ ಯಾರ ಬಾಯಿಗೂ ಹಕಾರ ಹತ್ತುವುದಿಲ್ಲ. ಹಗ್ಗ ನಮಗೆ ಅಗ್ಗ, ಹಡಗು ಅಡಗು, ಹೋಗುವುದು ಓಗುವುದು. ಯಾರ್ಕ್‌ಷೈರಿನ ಈ ಕಡಲತಡಿಯ ಗಾಳಿ ಬಾಯೊಳಗಿನ ಉಸಿರನ್ನೇ ಕಿತ್ತುಕೊಂಡು ಹೋಗುತ್ತದೆ, ಇನ್ನು ಹಕಾರಕ್ಕೆ ಉಳಿಯುವುದೇನು ಎಂದು ಅಪ್ಪ ನಗುತ್ತಿದ್ದ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಪ್ರಾರ್ಥನಾಮಂದಿರದಲ್ಲಿ ಕೇಳಿದ ಕೀರ್ತನೆಗಳೆಲ್ಲ ಮಾತ್ರ ಅವನ ನಾಲಿಗೆಯ ಮೇಲಿದ್ದವು. ಅವ್ವ ಮತ್ತು ನಾನು ಅಡುಗೆಮನೆಯಲ್ಲಿ ಕೂತು ಚಿಪ್ಪುಮೀನು ಬಿಡಿಸಿ ಗಾಳಕ್ಕೆ ಸಿಕ್ಕಿಸುವಾಗ ಅವನು ಒಲೆಯ ಪಕ್ಕ ನಿಂತು ಒಂದಾದ ಮೇಲೊಂದು ಹೇಳುತ್ತಿದ್ದ. ನಾನು ಓದಿ ಕಲಿತದ್ದು ಕಡಿಮೆ, ಕೇಳಿ ಕಲಿತದ್ದೇ ಎಲ್ಲ. ಗಾಳದ ಹಗ್ಗವನ್ನು ತೊಡರದಂತೆ ಸುರುಳಿ ಸುತ್ತಬೇಕು. ಕೈಯ ಲಯ ತಪ್ಪಿದರೆ ಸಮುದ್ರದಲ್ಲಿ ಗಂಡಸರ ಬೆರಳು ಹೋಗುತ್ತದೆ. ಆ ಲಯಕ್ಕಾಗಿ ಅಪ್ಪ ತಾನೇ ಒಂದು ಪದ ಕಟ್ಟಿದ್ದ:

ಗಾಳಕ್ ಗಾಳಕ್ ಒಂದೊಂದ್ ಚಿಪ್ಪು,
ಮನ್ನಿಸೊ ಒಡೆಯಾ ನಮ್ ತಪ್ಪು;
ಓದೋರ್ ಎಲ್ಲಾ ಬರ್ಲಿ ಮನ್ಗೆ,
ಒಲೆ ಆರ್ದಂಗೆ, ದೀಪ ಆರ್ದಂಗೆ.

ವರ್ಷಕ್ಕೊಮ್ಮೆ ಭಾನುವಾರದ ಶಾಲೆಯ ಹಬ್ಬ. ಮಕ್ಕಳನ್ನೆಲ್ಲ ಹಲಗೆಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಒಬ್ಬೊಬ್ಬರಿಂದಲೂ ಒಂದೊಂದು ಪದ್ಯ ಹೇಳಿಸುತ್ತಾರೆ. ನನ್ನ ಚಿಕ್ಕಣ್ಣ ಜೇಬೆಜ್ ತನಗೆ ಕೊಟ್ಟ ಪದ್ಯ ಮರೆತು ಅಪ್ಪನ ಪದವನ್ನೇ ಹೇಳಿಬಿಟ್ಟ. ಏಳು ವರ್ಷದ ಹುಡುಗ ಕಣ್ಣು ಮುಚ್ಚಿ ಹೇಳಿದ. ಮಂದಿರದ ಕೊನೆಯ ಬೆಂಚಿನವರು ಕೂಡ ಕೆಮ್ಮುವುದನ್ನು ನಿಲ್ಲಿಸಿದರು. ಅಂದು ಸ್ಕಾರ್‌ಬರೊ ಪಟ್ಟಣದಿಂದ ಮಿಸ್ ಕ್ರಾಸ್ಬಿ ಎಂಬ ಹೆಂಗಸು ಬಂದಿದ್ದಳು. ದೊಡ್ಡವರ ಮನೆಯ ಮಕ್ಕಳಿಗೆ ಮಾತು ಕಲಿಸುವುದು ಅವಳ ಕಸುಬು.

"ಓದೋರು ಅಂದರೆ ಯಾರು ಮಗು? ಪುಸ್ತಕ ಓದುವವರೇ?" ಎಂದು ಅವಳು ಕೇಳಿದಳು.

"ಅಲ್ಲಮ್ಮ, ಸಮುದ್ರಕ್ ಓದೋರು," ಎಂದ ಜೇಬೆಜ್.

ಎಲ್ಲರೂ ನಕ್ಕರು. ಮಿಸ್ ಕ್ರಾಸ್ಬಿ ನಗಲಿಲ್ಲ. ಮುಂದೆ ಅವನಿಗೆ ಹದಿನೈದು ತುಂಬಿದಾಗ ತನ್ನ ಮನೆಗೆ ಕರೆಸಿಕೊಂಡು ಹಕಾರ ಕಲಿಸಿದವಳು ಅವಳೇ. ಬಾಯೆದುರು ಮೇಣದ ಬತ್ತಿ ಹಚ್ಚಿಡುವುದು. ಪ್ರತಿ ಹಕಾರಕ್ಕೂ ದೀಪದ ಕುಡಿ ಬಾಗಬೇಕು, ಆರಬಾರದು. ಅವನು ಮನೆಗೆ ಬಂದಾಗಲೂ ಮೇಜಿನ ಮುಂದೆ ಕೂತು "ಹಗ್ಗ, ಹಡಗು, ಹಾಡು" ಎನ್ನುತ್ತಿದ್ದ. ದೊಡ್ಡಣ್ಣ ಐಸಾಕ್ ಹಿಂದಿನಿಂದ ಬಂದು ಉಫ್ ಎಂದು ಬತ್ತಿ ಆರಿಸಿ, "ಏನ್ಲಾ ಜೇಬ, ಬತ್ತಿ ಕೊಲ್ಲಕ್ಕೆ ಇಷ್ಟೊಂದು ಕಷ್ಟ ಪಡ್ತೀಯಲ್ಲ," ಎನ್ನುತ್ತಿದ್ದ.

ಹಾಗೆ ಹೋದವನು ಯಾರ್ಕ್‌ನ ನಾಟಕ ಮಂಡಳಿ ಸೇರಿದ, ಅಲ್ಲಿಂದ ಲಂಡನ್ನಿಗೆ, ಅಲ್ಲಿಂದ ಸಿನಿಮಾಕ್ಕೆ. ಜೇಬೆಜ್ ಥೀಕರ್ ಎಂಬ ಹೆಸರು ಗೋಡೆಗೆ ಅಂಟಿಸುವ ಸಿನಿಮಾ ಹಾಳೆಗೆ ಒಪ್ಪುವುದಿಲ್ಲವೆಂದು ಯಾರೋ ಲಿಯೊನೆಲ್ ಆಶ್‌ಬರ್ನ್ ಎಂದು ಮಾಡಿದರು. ಪರದೆಯ ಮೇಲೆ ಅವನು ನ್ಯಾಯಾಧೀಶನಾದ, ಲಾರ್ಡ್ ಆದ, ಹೆಂಡತಿಯ ಗುಟ್ಟು ತಿಳಿದೂ ಚಹಾ ಬಟ್ಟಲನ್ನು ಅಲುಗಿಸದ ಗಂಡನಾದ. ಯುದ್ಧದ ವರ್ಷಗಳಲ್ಲಿ ನೌಕಾಪಡೆಯ ಕಪ್ತಾನನಾಗಿ ದೇಶಕ್ಕೆಲ್ಲ ಧೈರ್ಯ ಹೇಳಿದ. ಅದೇ ವರ್ಷಗಳಲ್ಲಿ ಐಸಾಕ್ ನಿಜವಾದ ಹಡಗಿನಲ್ಲಿ, ಶತ್ರು ನೀರಿಗಿಳಿಸಿದ ನಿಜವಾದ ಸಿಡಿಗುಂಡುಗಳನ್ನು ಸಮುದ್ರದಿಂದ ಹೆಕ್ಕುತ್ತಿದ್ದ. ಐಸಾಕನ ದೋಣಿಯ ಜೊತೆಗಾರ ನೇಥನ್ ರಜೆಯಲ್ಲಿ ಬಂದು ವಿಟ್ಬಿಯಲ್ಲಿ ಆ ಸಿನಿಮಾ ನೋಡಿದ. "ಇಡೀ ಅಡಗು ಮುಳುಗ್ತು ಕಣವ್ವ, ನಿಮ್ ಜೇಬನ್ ಟೋಪಿ ಮಾತ್ರ ನೆನೀಲಿಲ್ಲ," ಎಂದು ನನಗೆ ವರದಿ ಒಪ್ಪಿಸಿದ.

ನಾನು ಅಣ್ಣನ ಒಂದು ಸಿನಿಮಾವನ್ನೂ ನೋಡಿದವಳಲ್ಲ. ನಮ್ಮ ಮಂದಿರದ ಹೆಂಗಸರು ಆ ಕಡೆ ಹೋಗುವವರಲ್ಲ. ರೇಡಿಯೋದಲ್ಲಿ ಅವನು ಪದ್ಯ ಹೇಳುವಾಗ ಮಾತ್ರ ಗಾಳ ಕೆಳಗಿಟ್ಟು ಕೇಳುತ್ತಿದ್ದೆ. ಚೆನ್ನಾಗಿ ಎರಕ ಹೊಯ್ದ ಗಂಟೆಯಂಥ ದನಿ. ಆ ಗಂಟೆ ಯಾವ ಊರಿನದೆಂದು ಕೇಳಿ ಹೇಳುವುದು ಮಾತ್ರ ಸಾಧ್ಯವಿರಲಿಲ್ಲ.

ಅವ್ವ ತೀರಿಕೊಂಡಾಗ ಅವನು ಕಾರಿನಲ್ಲಿ ಬಂದ. ಮಂದಿರದಲ್ಲಿ ದೇವರ ವಾಕ್ಯ ಓದಿದ. ಕೇಳಿದವರ ಕಣ್ಣಲ್ಲಿ ನೀರು ಬಂತು. ಐಸಾಕ್ ಎದ್ದು ಹೊರಗೆ ಹೋದ. ಆಮೇಲೆ ಅವನು ನನಗೆ ಹೇಳಿದ್ದು ಇಷ್ಟೇ: "ಅವ್ವನ್ ಸಾವ್ಗೆ ಯಾರೋ ದೊರೆ ಬಂದು ಭಾಷಣ ಮಾಡ್ದ. ನನ್ ತಮ್ಮ ಬರ್ನಿಲ್ಲ."

ಅಲ್ಲಿಂದ ಮುಂದೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ಕಾಲ ತಿರುಗಿತು. ಸಿನಿಮಾದವರಿಗೆ ಇದ್ದಕ್ಕಿದ್ದಂತೆ ಗಣಿಯವರ ಮಾತು, ಗಿರಣಿಯವರ ಮಾತು, ಬಂದರಿನವರ ಮಾತು ಬೇಕಾಯಿತು. ಹಕಾರ ಬಾರದ ಹುಡುಗರೆಲ್ಲ ನಾಯಕರಾದರು. ಹಕಾರ ಕಲಿಯಲು ಹರೆಯವನ್ನೇ ಸುಟ್ಟ ನನ್ನಣ್ಣನನ್ನು ಕೇಳುವವರಿಲ್ಲವಾದರು. ಹೆಂಡತಿ ಮಾರ್ಜರಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಟೆಲಿವಿಷನ್ನಿನಲ್ಲಿ ಚಹಾ ಡಬ್ಬಿಯ ಜಾಹೀರಾತಿಗೆ ಅವನ ದನಿ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ, ಒಂದು ಮಾರ್ಚ್ ತಿಂಗಳು, ಒಂಟೆಬಣ್ಣದ ಉದ್ದ ಕೋಟು ತೊಟ್ಟು ನನ್ನ ಬಾಗಿಲಲ್ಲಿ ನಿಂತ.

"ತಂಗೀ, ಒಂದು ತಿಂಗಳ ಮಟ್ಟಿಗೆ ನನ್ನ ಹಳೆಯ ಕೋಣೆ ಸಿಗಬಹುದೇ?"

"ಅದೇನ್ ಕೇಳ್ತೀಯಣ್ಣ, ಬಾ ಒಳೀಕೆ. ಕಾಲ್ ಒರ್ಸ್ಕೊ."

ಚಹಾ ಕುಡಿಯುತ್ತಾ ಎಲ್ಲ ಹೇಳಿದ. ಡೆನಿಸ್ ಕ್ಲೆಗ್ ಎಂಬ ಯುವ ನಿರ್ದೇಶಕ ಮುದಿ ಮೀನುಗಾರನೊಬ್ಬನ ಕಥೆಯನ್ನು ಸಿನಿಮಾ ಮಾಡುತ್ತಿದ್ದಾನೆ. ಜೇಬೆಜ್ ತಾನಾಗಿಯೇ ಹೋಗಿ ಆ ಪಾತ್ರ ಕೇಳಿದ್ದಾನೆ. ಕ್ಲೆಗ್ ಅವನ ಮಾತನ್ನು ಪೂರ್ತಿ ಕೇಳಿ, "ನಿಮ್ಮ ದನಿಯಲ್ಲಿ ಮೀನಿನ ವಾಸನೆ ಇಲ್ಲವಲ್ಲ ಸಾರ್," ಎಂದಿದ್ದಾನೆ. ತಾನು ಮೀನುಗಾರನ ಮಗ ಎಂದು ಇವನು ಹೇಳಿದರೂ ನಂಬಿಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿದ್ದಾನೆ: ತಿಂಗಳ ಕೊನೆಗೆ ಊರಿಗೇ ಬರುತ್ತಾನೆ, ದೋಣಿಯಲ್ಲಿ ಕೂರಿಸಿ ಮಾತು ಕೇಳುತ್ತಾನೆ. ನಿಜ ಅನ್ನಿಸಿದರೆ ಪಾತ್ರ ಇವನಿಗೆ. ಇಲ್ಲವಾದರೆ ಇನ್ನೊಬ್ಬ ನಟ ಕಾದಿದ್ದಾನೆ.

"ಇದು ಹೋದರೆ ಇನ್ನೊಂದು ಬರುವುದಿಲ್ಲ, ಥರ್ಜಾ. ಡಬ್ಬಿಯೊಳಗಿನ ದನಿಯಾಗಿ ಸಾಯಲು ನನಗೆ ಇಷ್ಟವಿಲ್ಲ."

"ದೋಣಿ ಅಂದ್ರೆ ಐಸಾಕಣ್ಣಂದು," ಎಂದೆ ನಾನು.

"ಗೊತ್ತು," ಎಂದ ಅವನು. ಚಹಾ ಆರಿಹೋಗಿತ್ತು.

ಮರುದಿನ ಬೆಳಿಗ್ಗೆಯೇ ಎಡವಟ್ಟಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಕೆಸರಿನಲ್ಲಿ ಹೊರಳುವ, ಸುರುಳಿ ಬಾಲದ, ಮೂತಿ ಮುಂದಾದ ಒಂದು ಪ್ರಾಣಿ ಇದೆಯಲ್ಲ, ಅದರ ಉಪ್ಪಿನ ಮಾಂಸವನ್ನು ಇಂಗ್ಲೆಂಡಿನವರೆಲ್ಲ ಬೆಳಿಗ್ಗೆ ಮೊಟ್ಟೆಯ ಜೊತೆ ತಿನ್ನುತ್ತಾರೆ. ನಾವೂ ತಿನ್ನುತ್ತೇವೆ. ಅದರ ಹೆಸರನ್ನು ಮಾತ್ರ ಸ್ಕಾರ್‌ವಿಕ್‌ನಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಅಂದು ದೋಣಿ ನೀರಿಗಿಳಿಯುವುದಿಲ್ಲ. ಯಾರಾದರೂ ಬಾಯಿ ತಪ್ಪಿ ಅಂದರೆ ಕೇಳಿದವರು ತಕ್ಷಣ ತಣ್ಣನೆಯ ಕಬ್ಬಿಣ ಮುಟ್ಟಬೇಕು. ಅಗತ್ಯ ಬಿದ್ದರೆ ಮೂತಿರಾಯ ಎನ್ನುತ್ತೇವೆ. ದೇವರ ಮೇಲೆ ನಂಬಿಕೆಯಿರುವವರಿಗೆ ಇದೆಲ್ಲ ಯಾಕೆ ಎಂದು ಒಬ್ಬ ಹೊಸ ಬೋಧಕ ಮಂದಿರದಲ್ಲಿ ಕೇಳಿದ್ದ. ಸಮುದ್ರವನ್ನೂ ಆ ಪ್ರಾಣಿಯನ್ನೂ ಸೃಷ್ಟಿಸಿದವನು ಒಬ್ಬನೇ ಸ್ವಾಮಿ, ಅವೆರಡಕ್ಕೂ ಯಾಕೆ ಆಗಿಬರುವುದಿಲ್ಲವೆಂದು ಅವನನ್ನೇ ಕೇಳಿ ಎಂದರು ನಮ್ಮ ಹಿರಿಯರು.

ಜೇಬೆಜ್ ಅಂದು ದೋಣಿ ಇಳಿಸುವ ಇಳಿಜಾರಿಗೆ ಹೋದ. ಐಸಾಕ್ ಮತ್ತು ನೇಥನ್ ಗಾಳದ ಬುಟ್ಟಿಗಳನ್ನು ದೋಣಿಗೆ ಏರಿಸುತ್ತಿದ್ದರು. ನಾನು ಕೊನೆಯ ಬುಟ್ಟಿ ಹೊತ್ತು ನಿಂತಿದ್ದೆ.

"ದೊರೆಗಳು ಬಂದ್ರು, ದಾರಿ ಬುಡ್ರಪ್ಪಾ!" ಎಂದ ನೇಥನ್. "ಕೋಟು ಜ್ವಾಪಾನ ಸ್ವಾಮಿ. ಮೀನ್ ಕಂಡ್ರೆ ನಾಚ್ಕೊಂಡ್ ಓಡೋಗ್ತವೆ."

ಜೇಬೆಜ್ ನಕ್ಕ. ದೋಣಿಯ ಹತ್ತಿರ ಶಿಳ್ಳೆ ಹಾಕಬಾರದೆಂಬ ನಮ್ಮ ಕಟ್ಟಳೆ ಅವನಿಗೆ ನೆನಪಿತ್ತು. ನಾಟಕದವರಲ್ಲೂ ರಂಗದ ಮೇಲೆ ಶಿಳ್ಳೆ ನಿಷಿದ್ಧವಂತೆ. ನೆನಪಿಲ್ಲದ್ದು ಇನ್ನೊಂದು. ಹೇಗಾದರೂ ಅಣ್ಣನ ಮುಖದಲ್ಲಿ ಒಂದು ನಗು ತರಬೇಕೆಂಬ ಆತುರ ಬೇರೆ. ಐಸಾಕನ ಹೊಟ್ಟೆಯ ಕಡೆ ಕೈತೋರಿಸಿ, ಆ ಗಂಟೆಯಂಥ ದನಿಯಲ್ಲಿ, "ಏನಣ್ಣಾ, ಹಬ್ಬಕ್ಕೆ ಕೊಬ್ಬಿಸಿದ—" ಎಂದವನು ಆ ಹೆಸರನ್ನು ಹೇಳಿಯೇಬಿಟ್ಟ. ಹಕಾರ ಸ್ಪಷ್ಟವಾಗಿತ್ತು. ಬತ್ತಿಯಿದ್ದರೆ ಕುಡಿ ಬಾಗುತ್ತಿತ್ತು.

ನೇಥನ್ ಲಂಗರು ಹಿಡಿದುಕೊಂಡ. ನಾನು ಸೊಂಟದ ಚಾಕು ಮುಟ್ಟಿದೆ. ಐಸಾಕ್ ದೋಣಿಯ ಕಬ್ಬಿಣದ ಬಳೆಯ ಮೇಲೆ ಕೈಯಿಟ್ಟು, ತಮ್ಮನ ಮುಖ ನೋಡದೆ, "ಇಳಿಸ್ಲಾ ನೇಥ. ಇವತ್ತಿನ್ ಮೀನು ಓಯ್ತು," ಎಂದ.

ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿ ಮೇಲಕ್ಕೆ ಹೊತ್ತರು. ಜೇಬೆಜ್ ಒಂದು ಬುಟ್ಟಿಗೆ ಕೈ ಹಾಕಲು ಹೋದ. "ನೀವ್ ಮುಟ್ಬ್ಯಾಡಿ ದೊರೆ," ಎಂದ ಐಸಾಕ್. ಹತ್ತು ವರ್ಷದ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದು ಜೇಬೆಜ್ ಒಲೆಯ ಮುಂದೆ ಕೂತ. "ಹೇಗೆ ಮರೆತೆ ಥರ್ಜಾ? ಚಿಕ್ಕವನಿದ್ದಾಗ ಆ ಮಾತು ಕನಸಿನಲ್ಲಿ ಬಂದರೂ ಬೆಚ್ಚಿ ಏಳುತ್ತಿದ್ದೆ."

"ನೀ ಮರೀಲಿಲ್ಲ ಕಣಣ್ಣ. ನಿನ್ ನಾಲ್ಗೆ ಮರೀತು."

ಅಂದಿನಿಂದ ಅವನು ನಾಲಿಗೆಯ ಬೆನ್ನು ಹತ್ತಿದ. ಬಂದರಿನ ಕಟ್ಟೆಯ ಮೇಲೆ ಕೂತು ಕೇಳುವುದು, ಮನೆಗೆ ಬಂದು ಹೇಳುವುದು. ನಾನು ಗಾಳಕ್ಕೆ ಚಿಪ್ಪುಮೀನು ಸಿಕ್ಕಿಸುತ್ತಾ ಕೇಳುತ್ತಿದ್ದೆ. ಒಂದು ವಾರದಲ್ಲಿ ಹಕಾರವನ್ನು ಸಲೀಸಾಗಿ ಕೆಳಗಿಟ್ಟ. ನನ್ನ ಹಿಂದೆ ನಿಂತು, "ಏನವ್ವ ಥರ್ಜಾ, ಗಾಳಕ್ ಚಿಪ್ ಸಿಕ್ಸಿದ್ಯೋ, ಚಿಪ್ಗೇ ಗಾಳ ಸಿಕ್ಸಿದ್ಯೋ?" ಎಂದಾಗ ನೇಥನ್‌ನೇ ಬಂದನೆಂದು ತಿರುಗಿ ನೋಡಿದೆ. ಅವನ ಗೊಗ್ಗರು, ಅವನ ಕುಹಕ, ಎಲ್ಲ ಹಾಗೆಯೇ ಇತ್ತು. ಇನ್ನೊಮ್ಮೆ ಐಸಾಕನ ಹಾಗೆ ಮಾತಾಡಿದ. ಮಂದಿರದ ಹಿರಿಯನ ಹಾಗೆ ಪ್ರಾರ್ಥನೆ ಮಾಡಿ ನನ್ನನ್ನು ನಗಿಸಿದ. ಆಮೇಲೆ ನಾನು ಅದಕ್ಕೆ ದೇವರ ಹತ್ತಿರ ಕ್ಷಮೆ ಬೇಡಿಕೊಳ್ಳಬೇಕಾಯಿತು.

"ಹೇಗಿತ್ತು?"

"ಸಂದಾಕಿತ್ತು. ಅದು ನೇಥ. ಇದು ಐಸಾಕಣ್ಣ. ನೀನೆಲ್ಲಿದ್ದೀಯ?"

ಅವನ ಮುಖದ ನಗು ಇಳಿಯಿತು. "ನಾನು ಎಲ್ಲಿದ್ದೇನೆ ಎಂದು ಗೊತ್ತಿದ್ದರೆ ನಟನಾಗುತ್ತಿದ್ದೆನೇ?" ಎಂದ, ಲಂಡನ್ ದನಿಯಲ್ಲಿ. ಅರವತ್ತರ ಗಂಡಸು, ಜಗತ್ತೆಲ್ಲ ಬಲ್ಲ ಮುಖ, ನನ್ನ ಅಡುಗೆಮನೆಯಲ್ಲಿ ನಿಂತು ಹೋಮ್‌ವರ್ಕ್ ತಪ್ಪಾದ ಹುಡುಗನ ಹಾಗೆ ಬೆರಳು ಹಿಸುಕಿಕೊಳ್ಳುತ್ತಿದ್ದ.

ಅವನು ಹೇಳಬೇಕಾದ ಮಾತುಗಳನ್ನು ಕ್ಲೆಗ್ ತಾನೇ ಬರೆದು ಟೈಪ್ ಮಾಡಿಸಿ ಕೊಟ್ಟಿದ್ದ. ಬಿರುಗಾಳಿಯಲ್ಲಿ ಸಿಕ್ಕಿದ ಮುದಿ ಮೀನುಗಾರ ಮಗನಿಗೆ ಹೇಳುವ ಮಾತುಗಳು. ಅದರ ಕೊನೆಯಲ್ಲಿ, "ನಾವು ಆ ಪ್ರಾಣಿಯಂಗೆ ಬದುಕಿ ಆ ಪ್ರಾಣಿಯಂಗೇ ಸಾಯೋರು" ಎಂದಿತ್ತು. ಅಲ್ಲಿ ಹೆಸರನ್ನೇ ಬರೆದಿದ್ದ. ಲಂಡನ್ನಿನಲ್ಲಿ ಕೂತು ಬರೆದವನಿಗೆ ಏನು ಗೊತ್ತು? ಭೂಮಿಯ ಮೇಲಿನ ಯಾವ ಮೀನುಗಾರನೂ ದೋಣಿಯಲ್ಲಿ, ಅದೂ ಬಿರುಗಾಳಿಯಲ್ಲಿ ಕೂತು, ಆ ಮಾತನ್ನು ಹೇಳುವುದಿಲ್ಲ.

"ಅದ್ನ ತೆಗೀರಿ ಅಂತ ಯೋಳಣ್ಣ."

"ಹೇಳಿ ನೋಡಿದೆ, ಫೋನಿನಲ್ಲಿ. ಇಡೀ ಸಿನಿಮಾ ನಿಂತಿರುವುದೇ ಆ ಮಾತಿನ ಮೇಲೆ ಅನ್ನುತ್ತಾನೆ." ಅವನು ಹೆಗಲು ಕುಣಿಸಿದ. "ಇರಲಿ ಥರ್ಜಾ. ಅದು ಪಾತ್ರದ ಮಾತು, ನನ್ನದಲ್ಲ."

ಅವನು ಅಭ್ಯಾಸ ಮಾಡುವಾಗಲೆಲ್ಲ ಆ ಹೆಸರು ನನ್ನ ಅಡುಗೆಮನೆಯಲ್ಲಿ ಬಿತ್ತು. ಒಮ್ಮೆಯೂ ತಡವರಿಸಲಿಲ್ಲ. ಬಿದ್ದಾಗಲೆಲ್ಲ ನಾನು ಒಲೆಯ ಸಲಾಕೆ ಮುಟ್ಟುತ್ತಿದ್ದೆ. ಆಗಲೇ ನನಗೆ ತಿಳಿಯಿತು: ಈ ಮಾತನ್ನು ಎಲ್ಲಿಯವರೆಗೆ ಇಷ್ಟು ಸಲೀಸಾಗಿ ಆಡುತ್ತಾನೋ ಅಲ್ಲಿಯವರೆಗೆ ಅವನು ತಿರುಗಿ ಬಂದಿಲ್ಲ. ಆಡದೆ ಹೋದರೆ ಪಾತ್ರ ಕೈಬಿಡುತ್ತದೆ. ಮಲಗುವ ಮುಂಚೆ ಮೊಣಕಾಲೂರಿ, ಒಡೆಯಾ, ಅಣ್ಣನ ನಾಲಿಗೆ ತಡವರಿಸಲಿ ಎಂದು ಬೇಡಿದೆ. ಬೇಡಿದ ಮೇಲೆ, ಇದೆಂಥ ತಂಗಿ ನಾನು ಎಂದು ದಿಗಿಲಾಯಿತು. ಆದರೂ ಬೇಡಿದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಐಸಾಕನನ್ನು ಒಪ್ಪಿಸಲು ನಾನೇ ಹೋದೆ. ಅವನು ಬಾಗಿಲಲ್ಲಿ ಕೂತು ಹೆರಿಂಗ್ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ನನ್ ದೋಣೀಲಿ ಆ ದೊರೆ ಕುಂತ್ಕಂಡು ನಾಟ್ಕ ಆಡಾದಾ? ಓಗಮ್ಮಿ."

"ಅವ್ನಿಗೆ ಇದೇ ಕೊನೇದು ಕಣಣ್ಣ."

"ನಂಗೂ ದೋಣಿ ಒಂದೇ ಇರಾದು."

"ಅಪ್ಪ ಯೋಳ್ತಿದ್ದ ಪದ ನೆನಪೈತಾ? ಓದೋರ್ ಎಲ್ಲಾ ಬರ್ಲಿ ಮನ್ಗೆ."

"ಅದು ಸಮುದ್ರಕ್ ಓದೋರ್ಗೆ. ಇವ್ನು ಪುಸ್ತ್ಕ ಓದೋನು." ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕ. ಮುಳ್ಳೊಂದನ್ನು ಬೆಕ್ಕಿಗೆ ಎಸೆದ. "ಬಂದರಿನ್ ಒಳ್ಗೇ. ಅಗ್ಗ ಬಿಚ್ಚಕಿಲ್ಲ. ನಾನೂ ಇರ್ತೀನಿ."

ಡೆನಿಸ್ ಕ್ಲೆಗ್ ಬಂದ ದಿನ ಸಮುದ್ರ ತಟ್ಟೆಯೊಳಗಿನ ನೀರಿನಂತಿತ್ತು. ಮೂವತ್ತರ ಹುಡುಗ, ಚರ್ಮದ ಕೋಟು, ಗಿರಣಿ ಊರಿನ ಮಾತು. ಸೊಕ್ಕಿನವನೇನಲ್ಲ, ನನ್ನ ಕೈಯ ಬ್ರೆಡ್ಡು ತಿಂದು ತಟ್ಟೆಯನ್ನು ತಾನೇ ತೊಳೆದಿಟ್ಟ. ಬಂದರಿನಲ್ಲಿ ಐಸಾಕ್ ಕೈಚಾಚದೆ, "ಬನ್ನಿ. ನಿಮ್ ಲಂಡನ್ ದೊರೇನ ಮಧ್ಯದಲ್ ಕೂರ್ಸಿ, ಭಾರ ಸಮ ಆಗ್ಲಿ," ಎಂದ. ದೋಣಿ ಹತ್ತುವುದು ನಮ್ಮ ಹೆಂಗಸರಿಗೆ ಸಲ್ಲದು. ನಾನೂ ನೇಥನ್ನೂ ಕಟ್ಟೆಯ ಮೆಟ್ಟಿಲ ಮೇಲೆ ನಿಂತೆವು. ಅಂಥ ನೀರಿನ ಮೇಲೆ ಪಿಸುಮಾತೂ ಕೇಳುತ್ತದೆ.

ಜೇಬೆಜ್ ಐಸಾಕನ ಹಳೆಯ ಸ್ವೆಟರ್ ತೊಟ್ಟಿದ್ದ. ನಾನೇ ಕದ್ದು ತಂದು ಕೊಟ್ಟದ್ದು. ಕೈಯಲ್ಲಿ ಹುಟ್ಟು. ಮಾತು ಶುರುಮಾಡಿದ. ಹಕಾರವೇ ಇಲ್ಲದ ಅಚ್ಚ ಸ್ಕಾರ್‌ವಿಕ್ ಮಾತು. ನೇಥನ್ ನನ್ನ ಕಿವಿಯಲ್ಲಿ, "ಅರೆ, ಅದು ನಾನಲ್ವಾ!" ಎಂದ. ಕ್ಲೆಗ್ ಗದ್ದ ಹಿಡಿದು ಕೇಳುತ್ತಿದ್ದ. ಅವನ ಮುಖದಲ್ಲಿ ಮರ್ಯಾದೆ ಇತ್ತು, ಅಷ್ಟೇ. ಒಳ್ಳೆಯ ಅಂಗಡಿಯಲ್ಲಿ ಬೇಡದ ಬಟ್ಟೆ ನೋಡುವವರ ಮುಖದಲ್ಲಿ ಇರುವಂಥದ್ದು.

ಮಾತು ಕೊನೆಗೆ ಬಂತು. "ನಾವು ಬಡವ್ರು ಕಣ್ಲಾ ಮಗ. ನಾವು—"

ಐಸಾಕನ ಕೈ ಮೆಲ್ಲಗೆ ಕಬ್ಬಿಣದ ಬಳೆಯ ಕಡೆ ಸರಿಯಿತು. ಜೇಬೆಜ್ ಅದನ್ನು ನೋಡಿದ.

"ಹ..." ಎಂದ.

ಬರೀ ಉಸಿರು. ಮಿಸ್ ಕ್ರಾಸ್ಬಿ ಬತ್ತಿಯ ಮುಂದೆ ಕಲಿಸಿದ ಆ ಉಸಿರು ಮಾತ್ರ ಹೊರಗೆ ಬಂತು, ಅದರ ಹಿಂದಿನ ಮಾತು ಬರಲಿಲ್ಲ.

"ಹೇಳಿ ಸಾರ್," ಎಂದ ಕ್ಲೆಗ್.

"ಕ್ಷಮಿಸಿ. ಇನ್ನೊಮ್ಮೆ ಹೇಳುತ್ತೇನೆ." ಮೊದಲಿನಿಂದ ಹೇಳಿದ. ಅಲ್ಲಿಗೆ ಬಂದ. "ಹ..."

ಮತ್ತೆ ಅಷ್ಟೇ. ನನ್ನ ಅಡುಗೆಮನೆಯಲ್ಲಿ ಕಲ್ಲಿನ ಹಾಗೆ ಉದುರುತ್ತಿದ್ದ ಮಾತು ಅಣ್ಣನ ದೋಣಿಯಲ್ಲಿ ಗಂಟಲಿಗೆ ಅಡ್ಡಬಿತ್ತು.

"ಒಂದು ಪದ, ಮಿಸ್ಟರ್ ಆಶ್‌ಬರ್ನ್. ಬರೀ ಒಂದು ಪದ ಅಷ್ಟೇ. ನೀವು ನಟರು, ನಿಮಗೇನು ಕಷ್ಟ?"

"ಆಗಕಿಲ್ಲ ಕಣಯ್ಯಾ!"

ಆ ಕೂಗಿಗೆ ಕಟ್ಟೆಯ ಮೇಲಿನ ಕಡಲಹಕ್ಕಿಗಳು ಎದ್ದವು.

"ಆಗಕಿಲ್ಲ ಅಂದ್ರೆ ಆಗಕಿಲ್ಲ. ನಾಳೆ ಬೆಳ್ಗಾದ್ರೆ ನಮ್ಮಣ್ಣ ಇದೇ ದೋಣೀಲಿ ಸಮುದ್ರಕ್ ಓಗ್ಬೇಕು. ಓದೋನು ತಿರುಗಿ ಬರ್ಬೇಕು. ಅವ್ನ ಕಾಲ್ ಬುಡ್ದಾಗ್ ಕುಂತ್ಕಂಡು ನಾನು ಆ ಮಾತ್ನ ಅನ್ಲಾ? ಅಪ್ಪ ಕುಂತಿದ್ದ್ ಜಾಗ ಇದು. ನಿನ್ ಸಿನಿಮಾ ನೀನೇ ಇಟ್ಕೋ. ಆ ಇನ್ನೊಬ್ಬ ಕಾಯ್ತಾವ್ನಲ್ಲ, ಅವ್ನ್ ಕೈಲಿ ಅನ್ಸ್ಕೋ ಓಗು!"

ಹುಟ್ಟನ್ನು ದೋಣಿಯೊಳಗೆ ಎಸೆದು ಎರಡೂ ಕೈಯಲ್ಲಿ ಕಬ್ಬಿಣದ ಬಳೆ ಹಿಡಿದುಕೊಂಡ. ಐಸಾಕನ ಕೈ ಅಲ್ಲೇ ಇತ್ತು, ಅದರ ಮೇಲೆಯೇ ಹಿಡಿದ.

ಅದು ನೇಥನ್ ಅಲ್ಲ, ಐಸಾಕ್ ಅಲ್ಲ, ಅಪ್ಪನೂ ಅಲ್ಲ. ಹಲಗೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಂತ ಹುಡುಗನ ದನಿ, ವಯಸ್ಸಾಗಿ, ಒರಟಾಗಿ, ಅದೇ.

ಕ್ಲೆಗ್ ಐಸಾಕನ ಕಡೆ ತಿರುಗಿ, "ಈಗ ಮಾತಾಡಿದ್ದು ಯಾರು?" ಎಂದು ಕೇಳಿದ.

ಐಸಾಕ್ ಕೈ ಬಿಡಿಸಿಕೊಳ್ಳಲಿಲ್ಲ. "ನನ್ ತಮ್ಮ," ಎಂದ.

ಕ್ಲೆಗ್ ಅಲ್ಲಿಯೇ ಏನನ್ನೂ ಒಪ್ಪಲಿಲ್ಲ. ಆ ಸಾಲು ತಾನು ಬರೆದದ್ದರಲ್ಲೆಲ್ಲ ಒಳ್ಳೆಯದು, ಅದನ್ನು ಕೊಯ್ದರೆ ತನ್ನ ಬೆರಳು ಕೊಯ್ದ ಹಾಗೆ ಎಂದ. "ಬೆರಳ್ ಓದ್ರೂ ಮೀನ್ ಇಡೀಬೋದು, ನಮ್ಮಲ್ ಬೇಕಾದಷ್ಟ್ ಜನ ಅವ್ರೆ," ಎಂದು ನೇಥನ್ ಮೆಟ್ಟಿಲ ಮೇಲಿನಿಂದಲೇ ಸಮಾಧಾನ ಮಾಡಿದ. ಕ್ಲೆಗ್ ಸಂಜೆಯ ರೈಲಿಗೆ ಹೊರಟುಹೋದ.

ಪಾತ್ರ ಹೋಯಿತೆಂದೇ ಜೇಬೆಜ್ ತಿಳಿದ. ಪೆಟ್ಟಿಗೆ ಕಟ್ಟಲಿಲ್ಲ. ಬೆಳಿಗ್ಗೆ ಇಳಿಜಾರಿಗೆ ಹೋಗಿ ಬುಟ್ಟಿ ಎತ್ತಿಕೊಟ್ಟ, ಐಸಾಕ್ ಬೇಡವೆನ್ನಲಿಲ್ಲ. ಬೇರೆಯವರ ಎದುರು ಅವನ ಹಕಾರ ಮತ್ತೆ ಬಂದು ಕೂರುತ್ತಿತ್ತು. ಅಷ್ಟು ವರ್ಷ ಜೊತೆಗಿದ್ದದ್ದು ಒಂದೇ ದಿನದಲ್ಲಿ ಎಲ್ಲಿ ಹೋಗುತ್ತದೆ? ನನ್ನ ಅಡುಗೆಮನೆಯಲ್ಲಿ ಮಾತ್ರ ಅದು ಬಾಗಿಲಾಚೆ ನಿಲ್ಲಲು ಕಲಿಯಿತು. ಕೆಲವು ವಾರಗಳ ಮೇಲೆ ಕ್ಲೆಗ್‌ನ ಫೋನು ಬಂತು. ಅಂಚೆಮನೆಗೆ ಹೋಗಿ ಮಾತಾಡಿ ಬಂದ ಜೇಬೆಜ್ ಬಾಗಿಲಲ್ಲೇ ನಿಂತ.

"ಏನಂತಣ್ಣ?"

"ಅಂದಿದ್ದು ಬ್ಯಾಡ್ವಂತೆ ಥರ್ಜಾ. ಅನ್ನಕಾಗ್ದೆ ಓಗಿದ್ದೇ ಬೇಕಂತೆ."

ಮರುವರ್ಷ ಸಿನಿಮಾ ವಿಟ್ಬಿಗೆ ಬಂತು. ಸ್ಕಾರ್‌ವಿಕ್‌ನ ಅರ್ಧ ಊರು ಬಸ್ಸು ಹತ್ತಿತು. ನಾನೂ ಹೋದೆ. ಹಿರಿಯರ ಅಪ್ಪಣೆ ಕೇಳಿಕೊಂಡೇ ಹೋದೆ. ನೋಡುವುದಿಲ್ಲ, ಕೇಳುತ್ತೇನೆ ಅಷ್ಟೇ ಎಂದಿದ್ದೆ. ನನ್ನ ಬಲಕ್ಕೆ ಐಸಾಕ್, ಎಡಕ್ಕೆ ಜೇಬೆಜ್. ಲಂಡನ್ನಿನ ದೊಡ್ಡ ಪ್ರದರ್ಶನಕ್ಕೆ ಬರಲಾಗದೆಂದು ಹೇಳಿ ಇಲ್ಲಿಗೆ ಬಂದಿದ್ದ. ದೀಪ ಆರಿತು. ನಾನು ಕಣ್ಣು ಮುಚ್ಚಿದೆ.

ಗಾಳಿಯ ಸದ್ದು, ನೀರಿನ ಸದ್ದು, ಅಣ್ಣನ ದನಿ. ಪರದೆಯ ಮೇಲೆ ಏನಾಗುತ್ತಿತ್ತೋ, ಐಸಾಕ್ ಮೊಣಕೈಯಿಂದ ತಿವಿದ. "ಕಣ್ ಬುಡಮ್ಮಿ. ನಿಮ್ಮಣ್ಣ ಮುಳುಗ್ತಾವ್ನೆ."

"ಮುಳುಗಕಿಲ್ಲ, ಸುಮ್ಕಿರು," ಎಂದ ಎಡಗಡೆಯ ದನಿ. "ಇಲ್ಲೇ ಅವ್ನೆ."

"ನಾವು ಬಡವ್ರು ಕಣ್ಲಾ ಮಗ," ಎಂದಿತು ಪರದೆಯ ದನಿ. "ನಾವು—"

ಆಮೇಲೆ ಆ ಉಸಿರು.

ಊರಿನ ಹೊರಗಿನವರಿಗೆ ಅಲ್ಲಿ ಏನೂ ಕೇಳಿಸಿರಲಾರದು. ನಮ್ಮ ಸಾಲಿನಲ್ಲಿ, ನಮ್ಮ ಹಿಂದಿನ ಸಾಲಿನಲ್ಲಿ, ಬಟ್ಟೆಗಳು ಸರಸರ ಎಂದವು. ಹೇಳದ ಮಾತಿಗಾಗಿ ಸ್ಕಾರ್‌ವಿಕ್‌ನವರೆಲ್ಲ ಬಗ್ಗಿ ಕುರ್ಚಿಗಳ ಕೆಳಗೆ ಕಬ್ಬಿಣ ಹುಡುಕುತ್ತಿದ್ದರು. ನಾನೂ ಕೈ ಚಾಚಿದೆ. ನನ್ನ ಕುರ್ಚಿಯ ಕಬ್ಬಿಣದ ಮೇಲೆ ಆಗಲೇ ಎರಡು ಕೈಗಳಿದ್ದವು, ಬಲದಿಂದ ಒಂದು, ಎಡದಿಂದ ಒಂದು. ಅವೆರಡರ ನಡುವೆ ಜಾಗ ಮಾಡಿಕೊಂಡು ನನ್ನದನ್ನೂ ಇಟ್ಟೆ.